ಹುಲ್ಲಹಳ್ಳಿ ಮಳೆಗೆ ತಡೆಯಾಜ್ಞೆ

ಬೇಸಿಗೆ ಮುನ್ನೋಟದ ಪ್ರಕಟಣೆಯನ್ನು ಹುಲ್ಲಹಳ್ಳಿ ಬಸ್ ನಿಲ್ದಾಣದ ಗೋಡೆಗೆ ಅಂಟಿಸಲಾಯಿತು. ಮಾರ್ಚಿನಿಂದ ಮೇವರೆಗೆ ಬಿಸಿಲು ವಾಡಿಕೆಗಿಂತ ಹೆಚ್ಚು. ಭರಣಿಯಲ್ಲಿ ಮಳೆಯೂ ವಾಡಿಕೆಗಿಂತ ಹೆಚ್ಚು. ಗುಮಾಸ್ತ ಹರಿಪ್ರಸಾದ್ ಅದುವರೆಗೆ ಜಮೀನಿನ ನೋಟಿಸು ಬರೆದುಕೊಂಡಿದ್ದವನು. ಕೈಯ ರೂಢಿಯಂತೆ ಕೆಳಗೊಂದು ಸಾಲು ಸೇರಿಸಿದ್ದ: “ಆಕ್ಷೇಪಣೆ ಇದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಯಾರದೂ ಆಕ್ಷೇಪಣೆ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.”

ಪುಟ್ಟಸ್ವಾಮಿಗೆ ಆಕ್ಷೇಪಣೆ ಇತ್ತು. ಕಾಲುವೆ ಪಕ್ಕ ಅವನ ಇಟ್ಟಿಗೆ ಗೂಡು. ಗಂಡ ಹೆಂಡತಿ ಸೇರಿ ಅಚ್ಚು ಹಾಕಿದ ಹಸಿ ಇಟ್ಟಿಗೆ ಬಯಲ ತುಂಬ ಒಣಗುತ್ತಿತ್ತು. ಸುಡುವ ಮೊದಲು ಒಂದು ಜೋರು ಮಳೆ ಬಿದ್ದರೆ ವರ್ಷದ ದುಡಿಮೆ ಕೆಸರು.

ನಂಜನಗೂಡಿಗೆ ಹೋಗಿ ಹವಾಮಾನ ಮುನ್ನೋಟ ಉಪಕಚೇರಿಯ ಅಧಿಕಾರಿ ಕಶ್ಯಪ್ ಅವರ ಮುಂದೆ ನಿಂತ.

“ಸಾ, ಭರಣಿ ಮಳೆ ನಂಗೆ ಬ್ಯಾಡ.”

“ಕಾರಣ?”

“ಅಸಿ ಇಟ್ಟಿಗೆ ಸಾ. ಕರಗೋಯ್ತದೆ.”

ಕಶ್ಯಪ್ ನಗಲಿಲ್ಲ. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. “ಆಕ್ಷೇಪಣೆ ಕರೆದ ಮೇಲೆ ವಿಚಾರಣೆ ಮಾಡಲೇಬೇಕು. ಪಕ್ಕದ ಜಮೀನಿನವರಿಗೆ ನೋಟಿಸು ಕಳಿಸುತ್ತೇವೆ” ಎಂದರು.

ಪಕ್ಕದ ಜಮೀನು ಶಿವನಂಜಮ್ಮನದು. ಎಳ್ಳು ಬಿತ್ತಲು ಹೊಲ ಉತ್ತು ಮಳೆಗೆ ಕಾಯುತ್ತಿದ್ದಳು. ವಿಚಾರಣೆಗೆ ಎಲೆಯಡಿಕೆ ಜಗಿಯುತ್ತಲೇ ಬಂದಳು.

“ಇವ್ನ ಇಟ್ಟಿಗೆ ದೆಸೆಯಿಂದ ನಾನು ಎಳ್ಳು ಬಿತ್ತದೆ ಕೂತ್ಕೋಬೇಕಾ ಸಾ? ನನ್ ಪಾಲಿನ ಮಳೆ ನಂಗೆ ಬೇಕು.”

“ನಿನ್ ಪಾಲು ನೀನ್ ತಗೋ ಅಕ್ಕಾ. ನನ್ ಕಡೆ ಬೀಳದಂಗೆ ನೋಡ್ಕೋ.”

“ನಾನೇನ್ ಕೊಡ ಹಿಡ್ಕೊಂಡು ಉಯ್ತಾ ಇದ್ದೀನೇನ್ಲಾ?”

ಸ್ಥಳ ತನಿಖೆ ಆಯಿತು. ಸರ್ವೆಯವರು ಬದುವಿನ ಮೇಲೆ ಸರಪಳಿ ಎಳೆದರು. ಮೇಲೆ ನೋಡಿದರು. ಮೋಡವು ಸ್ಥಳದಲ್ಲಿ ಹಾಜರಿಲ್ಲವೆಂದು ಮಹಜರು ಬರೆದು, ಅದರ ಹೆಸರಿನ ನೋಟಿಸನ್ನು ಹುಣಸೆಮರಕ್ಕೆ ಅಂಟಿಸಿದರು. ಬಳಿಕ ಆದೇಶ ಹೊರಟಿತು:

“ಪುಟ್ಟಸ್ವಾಮಿಯ ಸ್ವತ್ತಿನ ಮೇಲೆ ಮಳೆ ಬೀಳುವುದನ್ನು ತಡೆಹಿಡಿಯಲಾಗಿದೆ. ತಕರಾರು ಇತ್ಯರ್ಥವಾಗುವವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದು. ಬಿಸಿಲಿಗೆ ಈ ಆದೇಶ ಅನ್ವಯಿಸುವುದಿಲ್ಲ.”

ಪುಟ್ಟಸ್ವಾಮಿ ಸಂತೋಷಕ್ಕೆ ಒಂದು ಗೊನೆ ರಸಬಾಳೆ ಒಯ್ದು ಕೊಟ್ಟ. ಕಚೇರಿಯಲ್ಲಿ ಕಾಣಿಕೆ ನಿಷಿದ್ಧ. ಆದ್ದರಿಂದ ಕಶ್ಯಪ್ ಅದನ್ನು ಸ್ಥಳೀಯ ಬೆಳೆಯ ಮಾದರಿಯೆಂದು ನಮೂದಿಸಿ ಮನೆಗೆ ಕಳಿಸಿದರು.

ಇಟ್ಟಿಗೆ ಒಣಗಿತು. ಗೂಡಿಗೆ ಜೋಡಿಸಲು ಹೊರಟಾಗ ಹರಿಪ್ರಸಾದ್ ಸ್ಕೂಟರಿನಲ್ಲಿ ಬಂದ.

“ಕದಲಿಸೋ ಹಾಗಿಲ್ಲ. ಯಥಾಸ್ಥಿತಿ.”

“ಮೋಡ ಕಟ್ತಾ ಅದೆ ಸಾ. ಟಾರ್ಪಾಲ್ ಆದ್ರೂ ಒದ್ಸ್ತೀನಿ.”

“ಟಾರ್ಪಾಲ್ ಹೊದಿಸಿದ್ರೆ ಆದೇಶದ ಮೇಲೆ ನಂಬಿಕೆ ಇಲ್ಲ ಅಂತಾಗುತ್ತೆ.”

ಪುಟ್ಟಸ್ವಾಮಿ ಟಾರ್ಪಾಲ್ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.

ಅಂದೇ ಸಂಜೆ ಮಳೆ ಬಂತು. ಬದು ಗಿದು ನೋಡಲಿಲ್ಲ. ಮೊದಲು ಇಟ್ಟಿಗೆಯ ಮೂಲೆ ಹೋಯಿತು, ಆಮೇಲೆ ಇಟ್ಟಿಗೆ ಹೋಯಿತು.

“ಆರ್ಡರ್ರು ಮಡಗಿದ್ದೀಯಲ್ಲ, ಅದ್ನೇ ತಂದು ಒದ್ಸು” ಎಂದಳು ಹೆಂಡತಿ.

ಮರುದಿನ ಅವನು ಕೆಸರು ಮೆತ್ತಿದ ಕಾಲಲ್ಲೇ ಕಚೇರಿಗೆ ಹೋದ.

“ಸಾ, ಮಳೆ ಬಂತು.”

“ಬಂದಿರಲು ಸಾಧ್ಯವಿಲ್ಲ. ತಡೆ ಇದೆ.”

“ಇಟ್ಟಿಗೆ ಎಲ್ಲಾ ಕೆಸರಾಗದೆ ಸಾ!”

ಕಶ್ಯಪ್ ಸಮಾಧಾನವಾಗಿ ವಿವರಿಸಿದರು. “ಮಳೆ ಬಂತು ಎಂದು ಬರೆದುಕೊಟ್ಟರೆ ಆದೇಶದ ಉಲ್ಲಂಘನೆ. ಸ್ವತ್ತು ನಿಮ್ಮದು, ಆದ್ದರಿಂದ ಆರೋಪಿಯೂ ನೀವೇ. ಬರಲಿಲ್ಲ ಎಂದು ಬರೆದುಕೊಟ್ಟರೆ ಇಟ್ಟಿಗೆ ಇದೆ ಎಂದಾಯಿತು. ಇದ್ದರೆ ಕಚೇರಿಯೇ ಕೊಳ್ಳುತ್ತದೆ. ನಾವೂ ಕಾಂಪೌಂಡ್ ಕಟ್ಟಿಸಬೇಕು.”

ಪುಟ್ಟಸ್ವಾಮಿ ಯೋಚಿಸಿದ. ಕೆಸರನ್ನು ಬೇರೆ ಯಾರೂ ಕೊಳ್ಳುವುದಿಲ್ಲ. ಮಳೆ ಬರಲಿಲ್ಲ ಎಂದು ಸಹಿ ಹಾಕಿದ.

ಸಾಕ್ಷಿಗೆ ಶಿವನಂಜಮ್ಮನನ್ನು ಕರೆಸಿದರು. ಎಳ್ಳು ಬಿತ್ತುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಸೀರೆ ಅಂಚು ಇನ್ನೂ ಒದ್ದೆ.

“ಬದು ತಂಕ ಬಂತು ಸಾ. ಆಮೇಲೆ ನಿಂತ್ಕೊಂತು. ಇವ್ನ್ ಕಡೆ ಒಂದ್ ಅನೀನೂ ಬೀಳ್ನಿಲ್ಲ.”

“ಮಳೆ ಕಾನೂನು ಪಾಲಿಸಿದೆ” ಎಂದು ಕಶ್ಯಪ್ ಬರೆಸಿದರು.

ಇಟ್ಟಿಗೆಯ ಹಣದಲ್ಲಿ ಅರ್ಧ ಪುಟ್ಟಸ್ವಾಮಿಗೆ ಸಿಕ್ಕಿತು. ಉಳಿದರ್ಧ ಮಳೆ ತಡೆದ ಖರ್ಚಿಗೆ ಮುರಿದುಕೊಂಡರು. ಆ ಇಟ್ಟಿಗೆಯಲ್ಲಿ ಕಚೇರಿಯ ಸುತ್ತ ಆಳೆತ್ತರದ ಕಾಂಪೌಂಡ್ ಎದ್ದಿತೆಂದು ಎಂಜಿನಿಯರು ದೃಢೀಕರಿಸಿದರು. ಗೇಟು ಮಾತ್ರ ಕಬ್ಬಿಣದ್ದಾದ್ದರಿಂದ ಖಾಲಿ ಬಯಲಲ್ಲಿ ಎದ್ದು ಕಾಣುತ್ತಿತ್ತು.

ಉದ್ಘಾಟನೆಯ ದಿನ ಪುಟ್ಟಸ್ವಾಮಿ ಬಸ್ಸಿಳಿದು ಬಯಲು ಹಾದು ನೇರ ಕಚೇರಿ ಕಡೆ ನಡೆದ.

“ಏಯ್, ಅಲ್ಲಿ ಗೋಡೆ ಇದೆ!” ಎಂದು ಹರಿಪ್ರಸಾದ್ ಕೂಗಿದ.

ಪುಟ್ಟಸ್ವಾಮಿ ಸುತ್ತಿ ಬಂದು ಗೇಟಿನ ಮುಂದೆ ಸಾಲಿನಲ್ಲಿ ನಿಂತ.