ಅತ್ತೆಮ್ಮನ ಮಡಿ ಕುದುರೆ

ಅರಮನೆಯ ಲಾಯದಲ್ಲಿ ಅರಬ್ಬಿ ಕುದುರೆಗಳಿವೆ, ಹಡಗಿನಲ್ಲಿ ಬಂದ ಕುದುರೆಗಳಿವೆ, ದಸರೆಯಲ್ಲಿ ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕುವ ಕುದುರೆಗಳೂ ಇವೆ. ಇರಲಿ, ಸಂತೋಷ! ಆದರೆ ಏಕಾದಶಿ ಮಾಡುವ ಕುದುರೆ? ಅದು ಇದ್ದದ್ದು ಚಾಮರಾಜಪುರಂನ ನಮ್ಮ ಮನೆಯಲ್ಲಿ ಮಾತ್ರ. ಅದಕ್ಕೆ ಏಕಾದಶಿ ಹಿಡಿಸಿದವರು ನಮ್ಮ ಅತ್ತೆಮ್ಮ.

ಅತ್ತೆಮ್ಮ ಎಂದರೆ ನನ್ನ ಮಾವನವರ ಅಕ್ಕ. ಬಾಲವಿಧವೆ. ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು, ಹಣೆಯ ಮೇಲೆ ಯಾವಾಗಲೂ ಒಂದು ಆಜ್ಞೆ. ಬೆಳಗಿನ ಸ್ನಾನದಿಂದ ಮಧ್ಯಾಹ್ನದ ಊಟದವರೆಗೆ ಅವರು ಮಡಿ. ಅದೇನು ಸಾಮಾನ್ಯ ಮಡಿಯೇ! ನನ್ನ ಸೆರಗಿನ ಗಾಳಿ ಬೀಸಿದರೂ ಮತ್ತೆ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ಕೊಡ ಸುರಿದುಕೊಳ್ಳುವ ಮಡಿ. ಕಾನ್ವೆಂಟಿನಲ್ಲಿ ಓದಿ ಬಂದವಳೆಂದು ನನಗೆ ಮಡಿ ಅಡಿಗೆಮನೆಯಿಂದ ಪೂರ್ತಿ ರಿಯಾಯಿತಿ. "ನೀನು ಆ ಲೇಸು ಹೆಣಕೊಂಡು ಆಚೆ ಕೂತಿರು ಕಣಮ್ಮ, ಅದೇ ದೊಡ್ಡ ಉಪಕಾರ" ಎನ್ನುತ್ತಿದ್ದರು.

ಕುದುರೆಯ ಹೆಸರು ಪುಟ್ಟ. ಮಾವನವರು ಅರಮನೆ ಕಚೇರಿಗೆ ಗಾಡಿಯಲ್ಲಿ ಹೋಗಲೆಂದು ತಂದ ತಟ್ಟು. ಬಂದಾಗ ಪುಟ್ಟದಾಗಿಯೇ ಇತ್ತಂತೆ. ಆಮೇಲೆ ಹೆಸರೊಂದು ಮಾತ್ರ ಪುಟ್ಟದಾಗಿ ಉಳಿಯಿತು! ಹೊಟ್ಟೆಪಟ್ಟಿ ಬಿಗಿಯುವಾಗ ಆಳು ಮೊಣಕಾಲು ಒತ್ತಿ ಉಸಿರು ಹಿಡಿಯುತ್ತಿದ್ದ. ಪುಟ್ಟ ಉಸಿರು ಬಿಡುತ್ತಿರಲಿಲ್ಲ. ಯಾಕೆ ಬೆಳೆಯುವುದಿಲ್ಲ? ಬೀದಿಯ ಪ್ರತಿ ಗೇಟಿನಲ್ಲೂ ಅದಕ್ಕೆ ಉಪಚಾರ. ಎದುರುಮನೆಯ ಶೇಷಮ್ಮನವರು ಸೌತೆಕಾಯಿ ಸಿಪ್ಪೆಯಿಂದ ಶುರುಮಾಡಿ ಹೋಳಿಗೆಗೆ ಬಂದು ನಿಂತಿದ್ದರು.

ಆ ವರ್ಷದ ಸಂಕ್ರಾಂತಿಯಂದು ಬೀದಿಯ ಹೆಣ್ಣುಮಕ್ಕಳೆಲ್ಲ ನಮ್ಮ ಮನೆಗೆ ಎಳ್ಳು ಬೀರಲು ಬಂದರು. ನಮಗೊಂದು ಹಿಡಿ, ಪುಟ್ಟನಿಗೊಂದು ಹಿಡಿ. ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬು, ಸಕ್ಕರೆ ಅಚ್ಚಿನ ಆನೆ, ಸಕ್ಕರೆ ಅಚ್ಚಿನ ನವಿಲು... ಹಬ್ಬ ಕಳೆಯುವಷ್ಟರಲ್ಲಿ ಪುಟ್ಟ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕಾದ ಹಂಚಿನ ಮೇಲೆ ನಿಂತವರಂತೆ ನಿಂತುಬಿಟ್ಟಿತು. ಗೊರಸು ಮುಟ್ಟಿದರೆ ಕೆಂಡ.

ಕುದುರೆ ಡಾಕ್ಟರು ಬಂದರು. ದಂಡಿನಲ್ಲಿ ಇದ್ದವರು, ಇಂಗ್ಲಿಷಿನಲ್ಲಿ ಗದರುವ ಅಭ್ಯಾಸ. ಕನ್ನಡಿಸುವ ಕೆಲಸ ನನ್ನದು. ಇದು ಕೊಬ್ಬಿನಿಂದ ಬಂದ ಗೊರಸಿನ ಉರಿ. ಬೆಲ್ಲ, ಕಾಳು, ಹಸಿಹುಲ್ಲು ಎಲ್ಲ ಬಂದ್. ಒಣಹುಲ್ಲನ್ನೂ ನೀರಿನಲ್ಲಿ ನೆನೆಸಿ, ಸಾರ ಇಳಿದ ಮೇಲೆ ಕೊಡಬೇಕು. ದಿನವೂ ಕಾಲಿಗೆ ತಣ್ಣೀರು. ನೋವಿರುವಾಗ ಮರಳಿನ ಮೇಲೆ ವಿಶ್ರಾಂತಿ, ವಾಸಿಯಾದ ಮೇಲೆ ನಡಿಗೆ.

"ಅಷ್ಟು ಹೊತ್ತು ಏನೇ ಕೂಗಾಡಿದ್ರು?" ಎಂದರು ಅತ್ತೆಮ್ಮ.

"ಬಾಯಿ ಕಟ್ಟಬೇಕಂತೆ ಅತ್ತೆಮ್ಮ."

"ಅಷ್ಟೇ ತಾನೆ? ನಾನು ಎಂಟು ವರ್ಷದವಳಿದ್ದಾಗಿಂದ ಕಟ್ಟಿಲ್ವೆ? ಇವನಿಗೆ ಕಲಿಸಿದರಾಯ್ತು."

ಹೀಗೆ ಪುಟ್ಟನ ಏಕಾದಶಿ ಆರಂಭವಾಯಿತು. ಆದರೆ ಓದುಗರೇ, ನಮ್ಮ ಮನೆಯ ಏಕಾದಶಿ ಎಂದರೆ ಏನೆಂದುಕೊಂಡಿರಿ? ಅನ್ನ ಒಂದು ಇಲ್ಲ, ನಿಜ. ಅವಲಕ್ಕಿ ಇದೆ, ಬಾಳೆಹಣ್ಣಿದೆ, ಬೆಲ್ಲದ ಪಾನಕವಿದೆ! ಉಪವಾಸವಿದ್ದವರಿಗೆ ನಿತ್ರಾಣ ಬರಬಾರದೆಂದು ಅತ್ತೆಮ್ಮ ಪುಟ್ಟನಿಗೆ ಎರಡು ಪಾಲು ಫಲಾಹಾರ ಇಟ್ಟರು. ಮರುದಿನ ದ್ವಾದಶಿ, ಪಾರಣೆ ಬೇಡವೇ? ಬೆಳಕು ಹರಿಯುವ ಮೊದಲೇ ಅದೂ ಆಯಿತು. ಏಕಾದಶಿಗಳು ಬಂದು ಹೋದವು. ಪುಟ್ಟನಿಗೆ ಪುಣ್ಯ ಬಂತು, ಹೊಟ್ಟೆ ಬಂತು, ಕುಂಟೂ ಮತ್ತೆ ಬಂತು.

ಡಾಕ್ಟರು ಈ ಸಲ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಿಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಮಾವನವರೇ ಪೇಟ ತೆಗೆದಿಟ್ಟು ತೀರ್ಮಾನ ಹೇಳಿದರು. "ಅಕ್ಕಾ, ಇನ್ನೊಂದು ಸಲ ಕುಂಟಿದರೆ ಇವನನ್ನ ಜಟಕಾ ಸ್ಟ್ಯಾಂಡಿನವರಿಗೆ ಕೊಟ್ಟುಬಿಡ್ತೀನಿ. ಮುಂದಿನ ಸಂಕ್ರಾಂತಿ ತನಕ ನೋಡ್ತೀನಿ."

ಜಟಕಾ ಕುದುರೆಗಳ ಬೆನ್ನಿನ ಗಾಯಗಳನ್ನು ನೋಡದವರು ಯಾರು? ಕುಂಟುವ ತಟ್ಟು ಅಲ್ಲಿ ಎಷ್ಟು ದಿನ ಬಾಳೀತು? ಅತ್ತೆಮ್ಮನ ಕೈ ಜಪಸರವನ್ನು ಹಿಡಿದಿತ್ತು, ಮಣಿ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಅಂದಿನಿಂದ ಫಲಾಹಾರ ಬಂದ್. ಹುಲ್ಲನ್ನು ಅತ್ತೆಮ್ಮ ತಾವೇ ಅಕ್ಕಿ ತೊಳೆದಂತೆ ತೊಳೆದು ಹಾಕಿದರು. ಆದರೂ ಪುಟ್ಟನ ಮೈ ಇಳಿಯದು! ಬೀದಿಯ ಉಪಚಾರ ಬೇಲಿಸಂದಿಯಲ್ಲಿ ನಡೆದೇ ಇತ್ತು. ಕೇಳಿದರೆ, "ಬಾಯಿಲ್ಲದ ಪ್ರಾಣಿ ಕಣ್ರೀ, ಪಾಪ" ಎಂದು ಶೇಷಮ್ಮನವರು. ಬಾಯೊಂದನ್ನು ಬಿಟ್ಟು ಬೇರೇನೂ ಇಲ್ಲದ ಪ್ರಾಣಿ ಅದು! ಇನ್ನೊಂದು ವಿಷಯ. ಗೂಟಕ್ಕೆ ತೂಗುಹಾಕಿದ ಮಾವನವರ ಕಚೇರಿ ಕೋಟಿಗೆ ಇರುವೆಗಳು ಸಾಲುಗಟ್ಟಿ ಹತ್ತುವುದನ್ನು ನಾನು ಕಂಡೆ. ಜೇಬಿನಲ್ಲಿ ಅಚ್ಚುಬೆಲ್ಲ! ಗಡುವು ಹಾಕಿದ ನ್ಯಾಯಾಧೀಶರೇ ಸಂಜೆ ಸಂಜೆ ಲಂಚ ಕೊಡುತ್ತಿದ್ದರು. ನಾನು ಬಾಯಿಬಿಡಲಿಲ್ಲ, ಇರುವೆಗಳ ಕಡೆಗೆ ಅತ್ತೆಮ್ಮನ ಕಣ್ಣು ಹೋಗುವಂತೆ ದೀಪವನ್ನು ಸ್ವಲ್ಪ ಸರಿಸಿದೆ, ಅಷ್ಟೆ.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಭಾರಿ ಸದ್ದು. ಹೋಗಿ ನೋಡಿದರೆ ಅತ್ತೆಮ್ಮ ಪುಟ್ಟನ ಮೇಲೆ ಕೊಡದ ಮೇಲೆ ಕೊಡ ನೀರು ಸುರಿಯುತ್ತಿದ್ದಾರೆ. ಗೊರಸಿಗೆ ತಣ್ಣೀರು ಡಾಕ್ಟರ ಅಪ್ಪಣೆಯೇ. ಅದು ತಲೆಯಿಂದ ಇಳಿದು ಬಂದರೆ ತಪ್ಪೇನು? ಆಮೇಲೆ ತಮ್ಮ ಹಳೆಯ ಮಡಿಸೀರೆಯ ತುಂಡೊಂದನ್ನು ಅದರ ಕತ್ತಿಗೆ ಕಟ್ಟಿ, ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಸಾರಿದರು:

"ಇವತ್ತಿಂದ ಪುಟ್ಟ ಮಡಿ! ಹಗಲೆಲ್ಲ ಮಡಿ! ಯಾರೂ ಮುಟ್ಟಕೂಡದು, ಮೈಲಿಗೇಲಿ ಏನೂ ಕೊಡಕೂಡದು!"

ಶೇಷಮ್ಮನವರು ಸುಮ್ಮನಿರುವವರೇ? "ಕುದುರೆಗೆ ಮಡಿ ಅಂತ ಯಾವ ಶಾಸ್ತ್ರದಲ್ಲಿದೇರೀ?"

"ಅಶ್ವಮೇಧದ ಕುದುರೇನ ಸಿಕ್ಕಸಿಕ್ಕವರೆಲ್ಲ ಮುಟ್ತಿದ್ರೇನ್ರೀ? ಮುಟ್ಟಿದವರ ಗತಿ ಏನಾಯ್ತು ಅಂತ ಹರಿಕಥೇಲಿ ಕೇಳಿದೀರಲ್ಲ!"

ಶೇಷಮ್ಮನವರ ಕೈಯಲ್ಲಿದ್ದ ಹೋಳಿಗೆ ನಿಧಾನವಾಗಿ ಸೆರಗಿನೊಳಗೆ ಹೋಯಿತು. ಡಾಕ್ಟರ ಇಂಗ್ಲಿಷಿಗೆ ಹೆದರದ ಬೀದಿ ಒಂದು ತುಂಡು ಒದ್ದೆ ಬಟ್ಟೆಗೆ ಹೆದರಿತು! ಆ ಸಂಜೆ ಮಾವನವರು ಜೇಬಿಗೆ ಕೈಹಾಕಿ ಲಾಯದ ಕಡೆಗೆ ತಿರುಗಿದ್ದೇ ತಡ, "ಮುಟ್ಟಬೇಡ್ವೋ, ಮಡಿ!" ಎಂಬ ಗುಡುಗು. ಅರಮನೆಯ ಅಧಿಕಾರಿ ಎರಡಡಿ ಹಿಂದಕ್ಕೆ ಹಾರಿ, ಬೆಲ್ಲವನ್ನು ತಾವೇ ಬಾಯಿಗೆ ಹಾಕಿಕೊಂಡರು.

ಕಾಲಿನ ಉರಿ ಇಳಿದ ಮೇಲೆ ನಡಿಗೆ. ಆಳು ಬೇಡ, ಅವನು ಮೈಲಿಗೆ. ಮನೆಯಿಂದ ಆಚೆ ಕಾಲಿಡದ ಅತ್ತೆಮ್ಮ ಬೆಳಿಗ್ಗೆ ಹಗ್ಗ ಹಿಡಿದು ರೈಲುದಾರಿಯ ಪಕ್ಕದ ಮೆತ್ತನೆ ಮಣ್ಣಿನ ಹಾದಿಯಲ್ಲಿ ಹೊರಟರು. ಮುಂದೆ ಕೆಂಪು ಸೀರೆ, ಹಿಂದೆ ಕೆಂಪು ತುಂಡು. ಹಾಲು ಕೊಳ್ಳಲು ಬಂದವರು, ವಾಕಿಂಗ್ ಬಂದ ವಕೀಲರು, ಎಲ್ಲರೂ ಚರಂಡಿಯ ಅಂಚಿಗೆ. "ಹತ್ರ ಬರಬೇಡ್ರಪ್ಪಾ, ಇಬ್ಬರೂ ಮಡೀಲಿದೀವಿ!"

ಒಬ್ಬ ಜಟಕಾದವನು ಲಗಾಮು ಜಗ್ಗಿ ನಿಲ್ಲಿಸಿ ಕೇಳಿಯೇಬಿಟ್ಟ: "ಅಂಗಾದ್ರೆ ನಾನೆಂಗೆ ಓಗ್ಲಿ ಅಮ್ಮಾವ್ರೇ? ರಸ್ತೇನೂ ಮಡಿ ಮಾಡ್ಬುಟ್ರಾ?"

"ನಿನ್ನ ಕುದುರೆಗೆ ಹೊಟ್ಟೆ ತುಂಬ ಹಾಕೋ ಮೊದಲು. ಆಮೇಲೆ ರಸ್ತೆ ಕೇಳು!"

ಸಂಕ್ರಾಂತಿ ಬಂತು. ಹೆಣ್ಣುಮಕ್ಕಳು ಎಳ್ಳಿನ ತಟ್ಟೆಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಲಾಯವನ್ನು ದೂರದಿಂದ ಬಳಸಿ ನಡೆದರು. ಪುಟ್ಟ ಕತ್ತು ಚಾಚಿ, ಜಗತ್ತಿನ ಕೃತಘ್ನತೆಯನ್ನು ನೋಡಿ ನಿಟ್ಟುಸಿರಿಟ್ಟಿತು. ಹಬ್ಬ ಕಳೆದ ಮೇಲೆ ಡಾಕ್ಟರು ಬಂದು ನಾಲ್ಕು ಗೊರಸನ್ನೂ ಮುಟ್ಟಿ ನೋಡಿದರು. ತಣ್ಣಗಿದ್ದವು! ಗಾಡಿ ಕಟ್ಟಿದಾಗ ಹೊಟ್ಟೆಪಟ್ಟಿ ಸಲೀಸಾಗಿ ಕೂತು, ತುದಿ ಜೋತಾಡಿತು. ಮಾವನವರು ಹತ್ತಿ ಕೂತರು. ಪುಟ್ಟ ಬಾಲ ಎತ್ತಿ, ದಸರೆಯ ಕುದುರೆಗಳೇ ನಾಚುವಂತೆ ಟಕಟಕನೆ ಬೀದಿಯ ಕೊನೆಯವರೆಗೆ ಹೋಗಿ ಬಂತು. ಒಂದು ಹೆಜ್ಜೆ ತಪ್ಪಲಿಲ್ಲ. ಶೇಷಮ್ಮನವರು ಚಪ್ಪಾಳೆ ತಟ್ಟಿದರು.

"ನೀನೇ ಗೆದ್ದೆ ಅಕ್ಕಾ. ಇವನು ಇಲ್ಲೇ ಇರಲಿ" ಎಂದರು ಮಾವನವರು. ಅತ್ತೆಮ್ಮ ಗಂಭೀರವಾಗಿ, "ಗಾಡಿ ಇಳಿದು ಕಾಲು ತೊಳಕೋ" ಎಂದರು.

ಆ ಮಧ್ಯಾಹ್ನ ನಾನು ಕೇಳಿದೆ: "ಗೆದ್ದಾಯ್ತಲ್ಲ ಅತ್ತೆಮ್ಮ, ಬೀದಿಯವರಿಗೂ ಬುದ್ಧಿ ಬಂತು. ಇನ್ನು ಪುಟ್ಟನ ಮಡಿ ಬಿಡಿಸಬಹುದಲ್ಲ?"

ಅವರು ಹುಲ್ಲು ತೊಳೆಯುವುದನ್ನು ನಿಲ್ಲಿಸಿದರು. "ಬೇಡ ಕಣೇ. ದಿನಾ ಬೆಳಿಗ್ಗೆ ನನ್ನ ಹೆಗಲ ಮೇಲೆ ಗದ್ದ ಇಡ್ತಾನೆ. ಮಡಿ ಬಿಡಿಸಿದರೆ ಅವನಿಗೂ ದೂರ ನಿಲ್ಲು ಅನ್ನಬೇಕಾಗತ್ತೆ."

ಮತ್ತೆ ಹುಲ್ಲು ತೊಳೆಯತೊಡಗಿದರು. ಅವರ ಕೆಂಪು ಸೀರೆಯ ಎಡಹೆಗಲು ಉಜ್ಜಿ ಉಜ್ಜಿ ಬಣ್ಣ ಮಾಸಿದ್ದನ್ನು ನಾನು ಆಗ ಕಂಡೆ.

ಮರುದಿನ ಬೆಳಿಗ್ಗೆ ನಾನೂ ಬಾವಿಕಟ್ಟೆಗೆ ಹೋದೆ. ಪುಷ್ಯದ ಚಳಿ, ತಲೆಯ ಮೇಲೆ ಕೊಡ ಸುರಿದುಕೊಂಡಾಗ ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. ಒದ್ದೆ ಸೀರೆಯಲ್ಲಿ ನಡುಗುತ್ತ ಗೇಟಿಗೆ ಓಡಿದೆ. ಅತ್ತೆಮ್ಮ ಒಂದು ಕೈಯಲ್ಲಿ ಪುಟ್ಟನ ಹಗ್ಗ ಹಿಡಿದು ನಿಂತಿದ್ದರು. ಖಾಲಿಯಿದ್ದ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ. ಬೆಚ್ಚಿಬಿದ್ದರು.

"ನಾನೂ ಮಡೀಲಿದೀನಿ ಅತ್ತೆಮ್ಮ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೈ ಬಿಡಿಸಿಕೊಳ್ಳಲಿಲ್ಲ. ನಾವು ರೈಲುದಾರಿಯ ತಿರುವಿಗೆ ಬಂದಾಗ ಎದುರಿಗೆ ಅದೇ ಜಟಕಾದವನು. ಅತ್ತೆಮ್ಮ ನನ್ನ ಕೈಯನ್ನು ಇನ್ನಷ್ಟು ಬಿಗಿಹಿಡಿದು, ಇಡೀ ಚಾಮರಾಜಪುರಂಗೆ ಕೇಳುವಂತೆ ಕೂಗಿದರು:

"ದಾರಿ ಬಿಡ್ರಪ್ಪಾ, ದಾರಿ ಬಿಡಿ! ಮೂವರೂ ಮಡೀಲಿದೀವಿ!"