ನಲವತ್ತು ಜಾಕಿ

ಚನ್ನಗಿರಿಯ ವಿರೂಪಾಕ್ಷಪ್ಪನವರ ಸೆಂಟ್ರಿಂಗ್ ಯಾರ್ಡಿನಲ್ಲಿ ಆ ಬುಧವಾರ ಬೆಳಿಗ್ಗೆ ನಲವತ್ತು ಜಾಕಿಗಳಿರಬೇಕಾಗಿತ್ತು. ಹಾಗಂತ ಕಂಪ್ಯೂಟರ್ ಹೇಳಿತ್ತು. ಸ್ಟೋರ್ ನೋಡಿಕೊಳ್ಳುವ ಮಹಾಂತೇಶ ಹೋಗಿ ನೋಡಿದರೆ, ಜಾಕಿ ಇರಬೇಕಾದ ಜಾಗದಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಅದನ್ನು ಎಬ್ಬಿಸಿ ಅದರಡಿಯೂ ನೋಡಿದ. ನಲವತ್ತು ಕಬ್ಬಿಣದ ಜಾಕಿ ಒಂದು ನಾಯಿಯಡಿ ಅಡಗಲಾರವು ಎಂಬುದು ಅವನಿಗೂ ಗೊತ್ತಿತ್ತು. ಆದರೆ ಗಾಬರಿಯಾದ ಮನುಷ್ಯ ಎಲ್ಲಿ ಬೇಕಾದರೂ ಹುಡುಕುತ್ತಾನೆ.

ಗಾಬರಿಗೆ ಕಾರಣವೂ ಇತ್ತು. ಮನೆಗೆ ಮೋಲ್ಡ್ ಹಾಕಿದಾಗ ಕಾಂಕ್ರೀಟ್ ಗಟ್ಟಿಯಾಗುವ ತನಕ ತಾರಸಿಯನ್ನು ಕೆಳಗಿನಿಂದ ಹೊತ್ತು ನಿಲ್ಲುವವು ಈ ಜಾಕಿಗಳು. ಒಂದು ಮನೆಯ ಕೆಲಸ ಮುಗಿದರೆ ಇನ್ನೊಂದು ಮನೆಗೆ ಹೋಗುತ್ತವೆ. ಯಾರ್ಡಿನಲ್ಲಿ ದುಡಿಯುವವರ ಸ್ವಂತ ಮನೆಗೆ ಒಂದು ಸಲ, ಒಂದೇ ಒಂದು ಸಲ, ಬಾಡಿಗೆಯಿಲ್ಲದೆ ಜಾಕಿ ಕೊಡುವುದು ವಿರೂಪಾಕ್ಷಪ್ಪನವರ ಪದ್ಧತಿ. ಈಗ ಮಹಾಂತೇಶನ ಸರದಿ. ಕತ್ತಲಗೆರೆಯಲ್ಲಿ ಅವನ ಮನೆಯ ಗೋಡೆಗಳೆದ್ದು ಎರಡು ವರ್ಷವಾಗಿತ್ತು. ಹೆಂಡತಿ ಅರುಣಾ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ಬೇಸಿಗೆ ಬೆಂದಿದ್ದಳು. ಇವತ್ತು ಜಾಕಿ ನಿಲ್ಲಿಸಿದರೆ ನಾಡಿದ್ದು ಮೋಲ್ಡ್. ಕೆಲಸದವರಿಗೆ ಹೋಳಿಗೆ ಊಟವೆಂದು ಅವಳು ಬೆಲ್ಲ, ಕಡಲೆಬೇಳೆ ತರಿಸಿಟ್ಟಿದ್ದಳು.

ತಪ್ಪು ಕಂಪ್ಯೂಟರಿನದೇ. ಯಜಮಾನರ ಸೊಸೆ ಸಂಧ್ಯಾರಾಣಿ ಇಂಜಿನಿಯರು. ಮೊನ್ನೆ ಯುಗಾದಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದ್ದಳು. ಯಾವ ಮನೆಗೆ ಎಷ್ಟು ಜಾಕಿ, ಎಷ್ಟು ದಿನ ಎಂದು ಒತ್ತಿದರೆ ಸಾಕು. ಗಡುವು ಮುಗಿದ ದಿನ ಜಾಕಿ ಯಾರ್ಡಿಗೆ ಬಂದವೆಂದು ಅದೇ ಬರೆದುಕೊಳ್ಳುತ್ತಿತ್ತು. ಸಂಜೆಯಾದರೆ ದನ ಕೊಟ್ಟಿಗೆಗೆ ಬರುವ ಹಾಗೆ ಜಾಕಿಗಳೂ ತಾವೇ ನಡೆದು ಬರುತ್ತವೆಂದು ಅದರ ನಂಬಿಕೆ.

ಮಹಾಂತೇಶ ಬಾಡಿಗೆ ಚೀಟಿಗಳನ್ನು ತಿರುವಿ ಹಾಕಿದ. ಜಾಕಿಗಳು ಸೂಳೆಕೆರೆ ಪಕ್ಕದ ಸರ್ವಮಂಗಳಮ್ಮನ ಮನೆಯಲ್ಲೇ ಉಳಿದಿದ್ದವು. ಗಡುವು ಮುಗಿದು ಐದು ದಿನವಾಗಿತ್ತು. ಗುರುಸ್ವಾಮಿಯ ಲಗೇಜ್ ಆಟೋ ಹತ್ತಿ ಹೊರಟ.

ಸರ್ವಮಂಗಳಮ್ಮನ ಮನೆಯೊಳಗೆ ಜಾಕಿಗಳ ಕಾಡೇ ಇತ್ತು. ಎರಡು ಜಾಕಿಗಳ ನಡುವೆ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದರು. ಒಂದಕ್ಕೆ ಕ್ಯಾಲೆಂಡರ್ ತೂಗುತ್ತಿತ್ತು. ಅವುಗಳ ನಡುವೆ ಮಂಚದ ಮೇಲೆ ತುಂಬು ಬಸುರಿ ಮಗಳು ಪೂಜಾ ಮಲಗಿದ್ದಳು.

"ಜಾಕಿ ಬಿಚ್ಚಾಕೆ ಬಂದೀನಮ್ಮ," ಎಂದ ಮಹಾಂತೇಶ.

"ಬಿಚ್ಚಾಕೆ?" ಸರ್ವಮಂಗಳಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಬಸುರಿ ಮಲಗಿರೋ ಮನೇಲಿ ಆಸರೆ ಕೀಳ್ತಾರೇನಪ್ಪ? ನಮ್ಮ ಮನೆತನದಾಗೆ ಯಾರೂ ಕಿತ್ತಿಲ್ಲ. ಹೆರಿಗೆ ಆಗ್ಲಿ, ಅವತ್ತೇ ಕಳಿಸ್ತೀನಿ."

"ಅಮ್ಮ, ಕಾಂಕ್ರೀಟ್ ಕಲ್ಲಾಗೈತೆ. ಇನ್ನು ನೂರು ವರ್ಷ ಅಲ್ಲಾಡಂಗಿಲ್ಲ."

"ಅದು ನಿನಗೆ ಗೊತ್ತು, ನನಗೂ ಗೊತ್ತು. ಹೊಟ್ಟೇಲಿರೋ ಕೂಸಿಗೆ ಗೊತ್ತೇನು?"

ಇದಕ್ಕೆ ಯಾವ ಇಂಜಿನಿಯರೂ ಉತ್ತರ ಕೊಡಲಾರ. ಅಷ್ಟರಲ್ಲಿ ಗಲಾಟೆ ಕೇಳಿ ಅಕ್ಕಪಕ್ಕದವರು ಬಂದರು. ಎದುರು ಮನೆಯ ಅಂಜಿನಮ್ಮ ಬಂದವಳೇ, "ಯಾವೂರಪ್ಪ ನಿಂದು? ಹೆತ್ತ ತಾಯಿ ಇಲ್ಲೇನು ನಿಂಗೆ?" ಎಂದು ಶುರುಮಾಡಿದಳು. ಇನ್ನೊಬ್ಬರು, ಅರ್ಧ ಮಾತ್ರ ಬಿಚ್ಚಿಕೊಂಡು ಹೋಗಲಿ ಎಂದು ಪಂಚಾಯ್ತಿ ಹೇಳಿದರು. ಅರ್ಧ ಜಾಕಿಯಿಂದ ಅರ್ಧ ತಾರಸಿ ಹಾಕುವುದು ಹೇಗೆಂದು ಅವರು ಹೇಳಲಿಲ್ಲ.

ಪೂಜಾ ಮಾತ್ರ ಎದ್ದು ಕೂತು ಮೆಲ್ಲಗೆ, "ತಗೊಂಡು ಹೋಗ್ರಿ ಅಣ್ಣ, ಅವ್ವ ಯಾವಾಗ್ಲೂ ಹಿಂಗೇ," ಎಂದಳು. ಬಾಯಿ ಹಾಗೆಂದರೂ ಅವಳ ಕೈ ಮಂಚದ ಪಕ್ಕದ ಜಾಕಿಯನ್ನು ಬಿಗಿಯಾಗಿ ಹಿಡಿದಿತ್ತು.

ಮಹಾಂತೇಶ ಧೈರ್ಯ ಮಾಡಿ ಬಾಗಿಲ ಬಳಿಯ ಒಂದು ಜಾಕಿಯನ್ನು ಅರ್ಧ ಸುತ್ತು ಸಡಿಲಿಸಿದ. ಅದು ಕಿರ್ರೆಂದಿತು. ಪೂಜಾ ಗಬಕ್ಕನೆ ಹೊಟ್ಟೆ ಹಿಡಿದುಕೊಂಡು ಮೇಲೆ ನೋಡಿದಳು. ಮಹಾಂತೇಶ ಆ ಮುಖ ನೋಡಿದ. ಸಡಿಲಿಸಿದ ಅರ್ಧ ಸುತ್ತನ್ನು ವಾಪಸು ಬಿಗಿದು, ಮೇಲೊಂದು ಸುತ್ತು ಜಾಸ್ತಿಯೇ ಬಿಗಿದ.

"ನಮ್ಮನೇಗೆ ಬೇಕಾಗಿದ್ವು. ನಾಡಿದ್ದು ಮೋಲ್ಡ್ ಇತ್ತು," ಎಂದ. "ಇರ್ಲಿ ಬಿಡ್ರಮ್ಮ. ತಂಗಿ ಹೆರಿಗೆ ಸುಸೂತ್ರ ಆಗ್ಲಿ."

ಸರ್ವಮಂಗಳಮ್ಮನ ಕಣ್ಣು ತುಂಬಿತು. ಒಂದು ಮೊರದ ತುಂಬ ಮಂಡಕ್ಕಿ, ನಾಲ್ಕು ಮಿರ್ಚಿ ತಂದಿಟ್ಟರು. ಅವನು ತಿನ್ನುತ್ತಿರುವಾಗಲೇ ಸಂಧ್ಯಾರಾಣಿಯ ಫೋನ್ ಬಂತು.

"ಮಹಾಂತೇಶಣ್ಣ, ನಲವತ್ತು ಜಾಕಿ ಯಾರ್ಡಲ್ಲಿ ಐತೆ ಅಂತ ತೋರಿಸ್ತೈತೆ, ಇಲ್ಲಿ ಒಂದೂ ಕಾಣವಲ್ದು. ಜಗಳೂರಿಂದ ಜಾಕಿ ಬಾಡಿಗೆಗೆ ಅಂತ ಲಾರಿ ಬಂದು ನಿಂತೈತೆ. ಎಲ್ಲಿ ಹೋದ್ವು?"

ನಿಜ ಹೇಳಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಆಳು ಇಲ್ಲಿಗೆ ಬಂದು ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ. ಮಹಾಂತೇಶ ಪೂಜಾಳ ಕಡೆ ನೋಡಿದ. "ನಮ್ಮನೇಗೆ ಹೋದ್ವು ಮೇಡಂ. ಆಗ್ಲೇ ನಿಲ್ಸಿದ್ದೂ ಆಯ್ತು," ಎಂದುಬಿಟ್ಟ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ರೂಢಿಯಿಲ್ಲದವನು. ಹೇಳಿದ ಮೇಲೆ ಒಂದು ಮಿರ್ಚಿ ನೆತ್ತಿಗೇರಿತು.

"ಸರಿ, ಎಂಟ್ರಿ ಮಾಡ್ತೀನಿ. ನಿಮ್ಮ ಹೆಸರಲ್ಲಿ ನಲವತ್ತು, ಇಪ್ಪತ್ತೊಂದು ದಿನ."

ಕತ್ತಲಗೆರೆಗೆ ಬರಿಗೈಯಲ್ಲಿ ಬಂದವನನ್ನು ಕಂಡು ಅರುಣಾ ಆಟೋದ ಹಿಂದೆ ಮುಂದೆ ನೋಡಿದಳು. ಅವನು ನಡೆದದ್ದನ್ನು ಹೇಳಿದ. ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧವಾಗಿಯೇ ನಿಂತಿದ್ದ. ಅವಳು ಒಮ್ಮೆ ಗೋಡೆಗಳ ಕಡೆ ನೋಡಿದಳು.

"ದಿನ ತುಂಬೈತೇನ್ರಿ ಆ ಹುಡುಗಿಗೆ?"

"ಇವತ್ತೋ ನಾಳೆಯೋ ಅಂತಾರೆ."

"ಹಂಗಾದ್ರೆ ಎರಡು ದಿನ ಕಾಯಾಣ. ಹೋಳಿಗೆ ಬೇಳೆ ಏನು ಕೆಡಾಕಿಲ್ಲ."

ಇಂಥ ಹೆಂಡತಿಗೆ ತಾರಸಿ ಮನೆ ಕಟ್ಟಿಕೊಡದಿದ್ದರೆ ತಾನು ಗಂಡಸೇ ಅಲ್ಲ ಎಂದು ಮಹಾಂತೇಶನಿಗೆ ಅನ್ನಿಸಿತು.

ಸಂಜೆ ಐದಕ್ಕೆ ಸರ್ವಮಂಗಳಮ್ಮನ ಫೋನ್. "ಹೆಣ್ಣು ಕೂಸಪ್ಪ! ಮಧ್ಯಾಹ್ನ ಆಯ್ತು, ಇಬ್ಬರೂ ಚೆನ್ನಾಗವ್ರೆ. ನೀನು ಹೋದ ಗಳಿಗೇನೇ ನೋವು ಬಂತು. ಮೊದ್ಲು ಆ ಪುಣ್ಯಾತ್ಮನ ಜಾಕಿ ಕಳಿಸು ಅಂತ ಆಸ್ಪತ್ರೆಯಿಂದ್ಲೇ ನನ್ನ ತಮ್ಮ ರುದ್ರಮುನಿಗೆ ಹೇಳ್ದೆ. ನಿನ್ನ ಮನೆ ಗೊತ್ತಿಲ್ವಲ್ಲ, ನಲವತ್ತನ್ನೂ ಟ್ರ್ಯಾಕ್ಟರಲ್ಲಿ ನಿಮ್ಮ ಯಾರ್ಡಿಗೇ ಇಳಿಸಿ ಬಂದವ್ನೆ."

ಮಹಾಂತೇಶ ಶೆಡ್ಡಿನ ಮುಂದೆ ಕುಣಿದೇಬಿಟ್ಟ. ಅರುಣಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾಳೆ ಮುಂಜಾನೆ ತಂದು ನಿಲ್ಲಿಸಿದರೂ ಮೋಲ್ಡ್ ತಪ್ಪುವುದಿಲ್ಲ! ಆಟೋ ಹೇಳಲು ಅವನು ಗುರುಸ್ವಾಮಿಯ ನಂಬರು ಹುಡುಕುತ್ತಿರುವಾಗಲೇ ಸಂಧ್ಯಾರಾಣಿಯ ಫೋನ್ ಬಂತು. ಅವಳ ದನಿಯಲ್ಲಿ ಖುಷಿ ಉಕ್ಕುತ್ತಿತ್ತು.

"ಮಹಾಂತೇಶಣ್ಣ, ವಿಷಯ ಗೊತ್ತಾ? ಯಾರೋ ಟ್ರ್ಯಾಕ್ಟರಲ್ಲಿ ನಲವತ್ತು ಜಾಕಿ ಇಳಿಸಿ ಹೋದ್ರು. ಕಂಪ್ಯೂಟರ್ ನೋಡಿದ್ರೆ ಎಲ್ಲಾ ಮನೇದೂ ಸರಿಯಾಗಿ ಟ್ಯಾಲಿ ಆಗ್ತೈತೆ, ನಿಮ್ಮ ನಲವತ್ತೂ ನಿಮ್ಮನೇಲೇ ಅದಾವೆ. ಅಂದ್ರೆ ಇವು ನಮಗೆ ಜಾಸ್ತಿ ಬಂದಂಗಾಯ್ತು! ಜಗಳೂರಿನ ಲಾರಿ ಬೆಳಿಗ್ಗೆಯಿಂದ ಕಾಯ್ತಿತ್ತಲ್ಲ, ತುಂಬಿಸಿ ಕಳಿಸಿಬಿಟ್ಟೆ."

ಮಹಾಂತೇಶ ಫೋನ್ ಕಿವಿಗಿಟ್ಟುಕೊಂಡೇ ತನ್ನ ಮನೆಯೊಳಕ್ಕೆ ನಡೆದ.

"ನಿಮ್ಮ ಜಾಕಿ ಹೆಂಗೆ ನಿಂತಾವಣ್ಣ?"

ಅವನು ನಾಲ್ಕು ಗೋಡೆಗಳ ನಡುವೆ ನಿಂತು ಮೇಲೆ ನೋಡಿದ. ಆಕಾಶ ಕೆಂಪಾಗಿ, ಎಲ್ಲೂ ಬಿರುಕಿಲ್ಲದೆ, ಚೆನ್ನಾಗಿತ್ತು.

"ಗಟ್ಟಿಯಾಗಿ ನಿಂತಾವೆ ಮೇಡಂ."

"ಒಳ್ಳೇದಾಯ್ತು. ಇಪ್ಪತ್ತೊಂದನೇ ದಿನ ಮರೀದೆ ನಲವತ್ತೂ ವಾಪಸ್ ಕಳಿಸ್ರಿ. ಒಂದು ಕಮ್ಮಿಯಾದ್ರೂ ಸಾಫ್ಟ್‌ವೇರ್ ನಿಮ್ಮನ್ನೇ ಕೇಳ್ತೈತೆ."