ಶೀತದ ಗಿಡಗಳು

ಅವನಿಗೆ ರಜೆ ಇರಲಿಲ್ಲ. ಹೆಂಡತಿ ಇದ್ದಳು, ಆದರೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿ. ಮದುವೆಯಾದ ಮೇಲೆ ಅವಳ ಮುಖ ನೋಡಿದ್ದಕ್ಕಿಂತ ಟೊಮೇಟೊ ಸಸಿಗಳನ್ನು ನೋಡಿದ್ದೇ ಹೆಚ್ಚು.

ಸಸಿಗಳು ಸಂಶೋಧನೆಯವು. ಚಳಿ ತಾಗಿದರೆ ಗಿಡದೊಳಗೆ ಮಲಗಿರುವ ಕೆಲವು ಜೀನುಗಳು ಎದ್ದು ಎಲೆ ಕಾಯುವ ಕೆಲಸಕ್ಕೆ ಇಳಿಯುತ್ತವೆ. ಯಾವ್ಯಾವುದು ಏಳುತ್ತದೆ ಎಂದು ಅವನು ಪತ್ತೆಮಾಡಬೇಕಿತ್ತು. "ನಾಳೆ ಸಂಜೆ ಎಲೆ ಕತ್ತರಿಸಿ ಕೊಡು, ನಾಡಿದ್ದರಿಂದ ರಜಾ ತಗೋ," ಎಂದಿದ್ದರು ಪ್ರೊಫೆಸರು. ಅಲ್ಲಿಯವರೆಗೆ ಚಳಿ ತಪ್ಪಬಾರದು. ಅದಕ್ಕೇ ತಣ್ಣನೆಯ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ್ದ: ‘ಶೀತದ ಗಿಡಗಳು. ಗಮನವಿರಲಿ.’

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಸಸಿಗಳ ಎರಡು ಟ್ರೇಗಳಲ್ಲಿ ಒಂದು ಕಿಟಕಿಯ ಬಿಸಿಲಲ್ಲಿ ಶಾಲು ಹೊದ್ದು ಕೂತಿತ್ತು, ಜ್ವರ ಬಿಟ್ಟ ಮುದುಕನ ಹಾಗೆ.

"ಯಾರ್ರೀ ಇದನ್ನ ಹೊರಗಿಟ್ಟಿದ್ದು?"

"ನಾನೇ ಕಣಪ್ಪ," ಎಂದಳು ಕಸ ಗುಡಿಸುವ ಅಕ್ಕ. "ಶೀತ ಅಂತ ನೀನೇ ಬರೆದಿದ್ದೀಯ. ಮೂಗು ಸೋರೋ ಮಕ್ಕಳನ್ನ ಯಾರಾದ್ರೂ ಫ್ರಿಜ್ಜಲ್ಲಿ ಇಡ್ತಾರಾ?"

"ಆ ಶೀತ ಅಲ್ಲಕ್ಕ!"

"ಶೀತದಲ್ಲೂ ಜಾತಿ ಉಂಟಾ?"

"ಹಬೆ ಹಿಡಿದು ನೋಡಿ ಸಾರ್," ಎಂದ ವಾಚ್‌ಮನ್, ಯಾರೂ ಕೇಳದಿದ್ದರೂ.

ಉಳಿದದ್ದು ಒಂದೇ ಟ್ರೇ. ಅವನು ಸ್ವೆಟರ್ ಹಾಕಿ, ಕುರ್ಚಿ ಎಳೆದುಕೊಂಡು ಕೋಣೆಯೊಳಗೇ ಕಾವಲು ಕೂತ. ಚಳಿಗೆ ಬ್ಯಾಟರಿ ಸಾಯುತ್ತದೆಂದು ಮೊಬೈಲನ್ನು ಹೊರಗೆ ಡ್ರಾಯರಿನಲ್ಲಿಟ್ಟ. ವಾಚ್‌ಮನ್‌ಗೆ ಹೇಳಿದ: "ಯಾರೇ ಕೇಳ್ಕೊಂಡು ಬಂದ್ರೂ ಊರಲ್ಲಿಲ್ಲ ಅಂದ್ಬಿಡಿ."

ಹಲ್ಲು ಕಟಕಟ ಅಂದವು. ಸಸಿಗಳೊಳಗೆ ಏನೇನು ಎದ್ದವೋ, ಅವನೊಳಗೆ ಎದ್ದದ್ದು ಒಂದೇ ನೆನಪು. ಡ್ಯೂಟಿ ಮುಗಿಸಿ ಬಂದ ಹೆಂಡತಿ ತಣ್ಣಗಿನ ಪಾದಗಳನ್ನು ಅವನ ಕಾಲಿನ ಸಂದಿಗೆ ತೂರಿಸಿ, "ಕಿರುಚಬೇಡ್ರೀ, ಗಂಡ ಅಂದ್ಮೇಲೆ ಇಷ್ಟಕ್ಕಾದ್ರೂ ಉಪಯೋಗಕ್ಕೆ ಬರ್ಬೇಕು," ಅನ್ನುತ್ತಿದ್ದಳು. ಆ ಪಾದಗಳಿಗಾಗಿ ಹಂಬಲಿಸುತ್ತ ಕೂತ. ಆಶ್ಚರ್ಯವೆಂದರೆ, ಮಧ್ಯಾಹ್ನದ ಹೊತ್ತಿಗೆ ಮೈ ಬೆಚ್ಚಗಾಯಿತು. ನೆನಪಿಗೆ ಇಷ್ಟು ಕಾವಿದೆಯೇ ಎಂದುಕೊಂಡು, ಸ್ವೆಟರ್ ಬಿಚ್ಚಿ, ಹಾಗೇ ನಿದ್ದೆಹೋದ.

ಸಂಜೆ ಎಬ್ಬಿಸಿದವರು ಪ್ರೊಫೆಸರು. "ಇಪ್ಪತ್ತಾರು ಡಿಗ್ರಿ! ನೀನೂ ಮಲಗಿದೀಯ, ನಿನ್ನ ಜೀನುಗಳೂ ಮಲಗಿವೆ. ಮೊದಲಿಂದ ಶುರುಮಾಡು. ರಜಾ ಗಿಜಾ ಇಲ್ಲ."

ಅಕ್ಕ ಅವರ ಹಿಂದೆಯೇ ನಿಂತಿದ್ದಳು. "ಬಾಗಿಲ ಗಾಜಲ್ಲಿ ನೋಡಿದೆ, ನೀನು ಗಡಗಡ ನಡುಗ್ತಿದ್ದೆ. ಕರುಳು ಚುರುಕ್ ಅಂತು. ಚಳಿ ಮೆಷೀನಿನ ಸ್ವಿಚ್ ಆರಿಸಿದೆ."

ಅವನು ಸ್ವೆಟರ್ ಎತ್ತಿಕೊಂಡು ಕಾಲೆಳೆಯುತ್ತ ಗೇಟಿಗೆ ಬಂದ.

"ನಿಮ್ಮ ಮಾತು ಉಳಿಸಿದೆ ಸಾರ್," ವಾಚ್‌ಮನ್ ಬೀಗಿದ. "ಮಧ್ಯಾಹ್ನ ನಿಮ್ಮ ಮನೆಯವರಂತೆ, ಬ್ಯಾಗ್ ಹಿಡ್ಕೊಂಡು ಬಂದಿದ್ರು. ಹೇಗೋ ಒಂದು ದಿನ ರಜಾ ಸಿಕ್ತು, ಹೇಳದೇ ಬಂದೆ, ಫೋನೂ ಎತ್ತಲ್ಲ ಅಂದ್ರು. ಊರಲ್ಲಿಲ್ಲ ಅಂದೆ."

"ಆಮೇಲೆ?"

"ಅಳ್ತಾರೇನೋ ಅನ್ಕೊಂಡೆ. ಇಲ್ಲ ಸಾರ್, ನಕ್ಕುಬಿಟ್ರು. ‘ಹಾಗಾದ್ರೆ ನನ್ನ ನೋಡೋಕೇ ಹೊರಟಿರ್ತಾರೆ ಕಳ್ಳ’ ಅಂತ ಬಸ್ಸಿಗೆ ಓಡಿದ್ರು."

ಒಟ್ಟು ಹೋದದ್ದು: ಎರಡು ಟ್ರೇ ಸಸಿ, ಅವನ ರಜೆ, ಅವಳ ರಜೆ.